ಕಷ್ಟಕಾಲದಲ್ಲಿ ನಂಬಿಕೆ: ನಮ್ಮ ಕೂಟದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ನಮ್ಮ ಮನೆಯಲ್ಲಿ ಬುಧವಾರ ಸಂಜೆ ಒಂದು ಚಿಕ್ಕ ಪ್ರಾರ್ಥನಾ ಕೂಟ ನಡೆಯುತ್ತದೆ. ಹತ್ತು ಹನ್ನೆರಡು ಜನ ಸೇರುತ್ತೇವೆ. ಪ್ರಾರ್ಥನೆ ಮುಗಿದು ಚಹಾ ಬಂದ ಮೇಲೆಯೇ ಮನಸ್ಸಿನಲ್ಲಿದ್ದ ಪ್ರಶ್ನೆಗಳು ಹೊರಗೆ ಬರುತ್ತವೆ. ಕೆಲವರಂತೂ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳುತ್ತಾರೆ, ನಮ್ಮ ಮುಖ ನೋಡದೆ. ಹಾಗೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ನಾನು ಪಾಸ್ಟರ್ ಅಲ್ಲ. ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ನಮ್ಮವರು ಮೂರು ವರ್ಷ ಡಯಾಲಿಸಿಸ್ ಮಾಡಿಸಿಕೊಂಡು ತೀರಿಕೊಂಡರು. ವಾರಕ್ಕೆ ಎರಡು ದಿನ, ನಾಲ್ಕು ನಾಲ್ಕು ತಾಸು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕಲಿತದ್ದೇ ಇಲ್ಲಿ ಜಾಸ್ತಿ ಇದೆ.

ಇಷ್ಟು ಕಷ್ಟ ಬಂದಿದೆ ಅಂದರೆ ನಾನು ಏನೋ ಪಾಪ ಮಾಡಿದ್ದೇನೆ ಅಂತಲಾ?

ಇದು ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ. ಕೇಳುವವರಿಗೆ ಇದನ್ನು ಯಾರೋ ಮೊದಲೇ ಹೇಳಿರುತ್ತಾರೆ. ನನಗೂ ಹೇಳಿದ್ದರು. ನೋಡಲು ಬಂದ ಸಂಬಂಧಿಕರೊಬ್ಬರು ಹಾಸಿಗೆಯ ಪಕ್ಕದಲ್ಲೇ ನಿಂತು, "ಒಳಗೆ ಏನಾದರೂ ಬಚ್ಚಿಟ್ಟಿದ್ದರೆ ದೇವರ ಮುಂದೆ ಅರಿಕೆ ಮಾಡಿಬಿಡಿ" ಅಂದರು. ನಮ್ಮವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

ಯೇಸುವಿನ ಮುಂದೆಯೂ ಈ ಪ್ರಶ್ನೆ ಬಂತು. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದರು: ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ? ಇಬ್ಬರೂ ಅಲ್ಲ ಅಂದನು ಯೇಸು. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿದೆ. ಲೂಕನ 13ರಲ್ಲಿ ಇನ್ನೊಂದು ಮಾತು ಬರುತ್ತದೆ. ಗೋಪುರ ಬಿದ್ದು 18 ಜನ ಸತ್ತಿದ್ದರು. ಅವರು ಊರಲ್ಲಿ ಉಳಿದವರಿಗಿಂತ ದೊಡ್ಡ ಪಾಪಿಗಳು ಅಂದುಕೊಂಡಿರಾ, ಖಂಡಿತ ಅಲ್ಲ ಅನ್ನುತ್ತಾನೆ. ಆಮೇಲೆ ಮಾತನ್ನು ಕೇಳುವವರ ಕಡೆಗೇ ತಿರುಗಿಸುತ್ತಾನೆ: ನೀವು ನಿಮ್ಮ ಬದುಕು ನೋಡಿಕೊಳ್ಳಿ.

ಕುಡಿದು ಲಿವರ್ ಹಾಳಾದರೆ ಅದಕ್ಕೆ ಕುಡಿತ ಕಾರಣ, ಅದರಲ್ಲಿ ಗುಟ್ಟೇನಿಲ್ಲ. ಆದರೆ ಬೇರೆಯವರ ರೋಗಕ್ಕೆ ಪಾಪದ ಲೆಕ್ಕ ಬರೆಯುವ ಕೆಲಸವನ್ನು ದೇವರು ನಮಗೆ ಯಾರಿಗೂ ಕೊಟ್ಟಿಲ್ಲ.

ದೇವರ ಮೇಲೆ ಸಿಟ್ಟು ಬರುತ್ತದೆ. ಅದು ತಪ್ಪಲ್ವಾ?

ಸತ್ಯವೇದದಲ್ಲಿ ಕೀರ್ತನೆಗಳು 150 ಇವೆ. ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುವುದು 23, 121, ಹೆಚ್ಚೆಂದರೆ 91. ಆದರೆ ಆ ಪುಸ್ತಕದಲ್ಲಿ ಸ್ತೋತ್ರಕ್ಕಿಂತ ಗೋಳಿನ ಕೀರ್ತನೆಗಳೇ ಜಾಸ್ತಿ. 13ನೆಯದು ತೆಗೆಯಿರಿ. ಮೊದಲ ಎರಡು ವಚನದಲ್ಲೇ "ಎಷ್ಟರ ತನಕ" ಅನ್ನುವ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಎಷ್ಟರ ತನಕ ನನ್ನನ್ನು ಮರೆತಿರುತ್ತೀ? ಎಷ್ಟರ ತನಕ ಮುಖ ಮರೆಮಾಡುತ್ತೀ? ಸಾಲ ಕೊಟ್ಟವನು ಮನೆ ಬಾಗಿಲಿಗೆ ಬಂದು ಕೇಳಿದ ಹಾಗಿದೆ.

88ನೆಯದು ಇನ್ನೂ ಬಿರುಸು. ಬೇರೆ ಗೋಳಿನ ಕೀರ್ತನೆಗಳಲ್ಲಿ ಬಹಳಷ್ಟು ಕೊನೆಗೆ ಒಂದು ತಿರುವು ತೆಗೆದುಕೊಂಡು ಸ್ತುತಿಯಲ್ಲಿ ಮುಗಿಯುತ್ತವೆ. ಇದು ಹಾಗಲ್ಲ. ಕತ್ತಲೆ ಅನ್ನುವಲ್ಲಿಗೇ ನಿಂತುಬಿಡುತ್ತದೆ. ಬೆಂಚಿನ ಮೇಲೆ ಕೂತು ಅದನ್ನು ಮೊದಲ ಸಲ ಓದಿದಾಗ ಒಂದು ಹಾಳೆ ಕಿತ್ತುಹೋಗಿರಬೇಕು ಅಂತ ಪುಟ ತಿರುಗಿಸಿ ನೋಡಿದ್ದೆ. ಇಲ್ಲ, ಅಷ್ಟೇ ಇರುವುದು. ಆವತ್ತು ನನಗೆ ಎಷ್ಟು ಸಮಾಧಾನವಾಯಿತೆಂದರೆ, ಯಾವ ಪ್ರಸಂಗವೂ ಅಷ್ಟು ಮಾಡಿರಲಿಲ್ಲ. ಇಂಥದ್ದನ್ನೂ ಸತ್ಯವೇದದಲ್ಲಿ ಉಳಿಸಿಕೊಂಡಿದ್ದಾರಲ್ಲ!

ಸಿಟ್ಟು ಮಾಡಿಕೊಂಡವನು ಇನ್ನೂ ಮಾತಾಡುತ್ತಿದ್ದಾನೆ ಅಂತ ಅರ್ಥ. ತಮ್ಮ ಲಾಜರನು ಸತ್ತಾಗ ಮಾರ್ಥಳೂ ಯೇಸುವಿಗೆ ಮೊದಲು ಹೇಳಿದ್ದು ನಮಸ್ಕಾರವನ್ನಲ್ಲ, ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದು. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ಅತ್ತನು.

ಪ್ರಾರ್ಥನೆಗೆ ಕೂತರೆ ಮಾತೇ ಬರುವುದಿಲ್ಲ. ಏನು ಮಾಡಲಿ?

ನಿಮ್ಮ ಸ್ವಂತ ಮಾತೇ ಬೇಕು ಅಂತ ಯಾರು ಹೇಳಿದರು? ಕರ್ತನು ಕಲಿಸಿದ ಪ್ರಾರ್ಥನೆ ಇದೆ. ಅದನ್ನು ಹೇಳಿ. ಅರ್ಧಕ್ಕೆ ನಿಂತರೆ ಅರ್ಧವೇ ಸಾಕು. ಕಥೋಲಿಕರಾದರೆ ಕೈಯಲ್ಲಿ ಜಪಮಾಲೆ ಇದ್ದೇ ಇರುತ್ತದೆ, ಬೆರಳಾದರೂ ಪ್ರಾರ್ಥನೆ ಮಾಡುತ್ತದೆ. (ಈ ಒಂದು ವಿಷಯದಲ್ಲಿ ಪ್ರೊಟೆಸ್ಟಂಟರಾದ ನಮ್ಮ ಸಿಎಸ್‌ಐನವರಿಗಿಂತ ಅವರು ಜಾಣರು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.) ಸುಮ್ನೆ ಒಂದು ಭಜನೆ ಗುನುಗಬಹುದು. ಏನೂ ಆಗದಿದ್ದರೆ ನಿಟ್ಟುಸಿರು ಬಿಡಿ. ನಮಗೆ ಹೇಗೆ ಪ್ರಾರ್ಥಿಸಬೇಕೋ ತಿಳಿಯದಾಗ ದೇವರ ಆತ್ಮನೇ ನಮಗಾಗಿ ನರಳುತ್ತಾನೆ ಎಂದು ಅಪೊಸ್ತಲ ಪೌಲ ರೋಮ್‌ನವರಿಗೆ ಬರೆದಿದ್ದಾನೆ, 8:26. ನರಳಾಟವನ್ನೂ ಅವನು ಪ್ರಾರ್ಥನೆಯ ಲೆಕ್ಕಕ್ಕೇ ಸೇರಿಸಿದ.

ಬೇರೂರುವುದು, ಬೇರೂರುವುದು ಅಂತ ಪ್ರಸಂಗದಲ್ಲಿ ಹೇಳುತ್ತಾರೆ. ದಿನನಿತ್ಯದಲ್ಲಿ ಅಂದರೆ ಏನು?

ನಮ್ಮಪ್ಪನ ಹೊಲ ನವಲಗುಂದದ ಕಡೆ ಎರೆಭೂಮಿಯಲ್ಲಿತ್ತು. ಅಲ್ಲಿ ಹಿಂಗಾರಿ ಜೋಳ ಬಿತ್ತುವುದು ಮಳೆಗಾಲ ಮುಗಿಯುತ್ತಾ ಬಂದಾಗ. ಆಮೇಲೆ ಮಳೆಯನ್ನು ನಂಬುವ ಹಾಗಿಲ್ಲ. ಮಣ್ಣು ಮುಂಗಾರಿನಲ್ಲಿ ಕುಡಿದಿಟ್ಟುಕೊಂಡ ನೀರಿನ ಮೇಲೆಯೇ ಬೆಳೆ ಬದುಕಬೇಕು. ಮೇಲೆ ನೆಲ ಬಿರುಕು ಬಿಟ್ಟಿರುತ್ತದೆ, ಕೈ ಹೋಗುವಷ್ಟು. ಬೇರು ಮಾತ್ರ ಕೆಳಗೆ ಕೆಳಗೆ ಹಸಿ ಹುಡುಕಿಕೊಂಡು ಹೋಗುತ್ತದೆ. ಜನವರಿಯಲ್ಲಿ ತೆನೆ ನೋಡಿದರೆ ಇದಕ್ಕೆ ನೀರು ಎಲ್ಲಿಂದ ಬಂತು ಅನ್ನಿಸಬೇಕು.

ದಿನನಿತ್ಯದಲ್ಲಿ ಬೇರೂರುವುದೂ ಹಾಗೇ. ಚೆನ್ನಾಗಿದ್ದ ದಿನಗಳಲ್ಲಿ ಸುಮ್ನೆ ಮಾಡಿದ ಸಣ್ಣ ಕೆಲಸಗಳೇ ಆಮೇಲೆ ಕೈಹಿಡಿಯುತ್ತವೆ: ಊಟಕ್ಕೆ ಮುಂಚೆ ಎರಡು ಮಾತು, ಭಾನುವಾರದ ಆರಾಧನೆ, ಬಾಯಿಪಾಠವಾದ ನಾಲ್ಕು ವಚನ. ನಮ್ಮವರಿಗೆ ಕೊನೆಕೊನೆಗೆ ನನ್ನ ಹೆಸರು ಮರೆತುಹೋಗುತ್ತಿತ್ತು. ಆದರೆ ನಾನು "ಯೆಹೋವನು ನನಗೆ ಕುರುಬನು" ಅಂತ ಶುರು ಮಾಡಿದರೆ ಅವರು "ಕೊರತೆಪಡೆನು" ಅನ್ನುತ್ತಿದ್ದರು. ಅದನ್ನು ಅವರ ಅವ್ವ ಸಗಣಿ ಸಾರಿಸಿದ ನೆಲದ ಮೇಲೆ ಕೂರಿಸಿಕೊಂಡು ಕಲಿಸಿದ್ದಂತೆ, ಐದನೇ ವಯಸ್ಸಿಗೆ.

ಆಂಟಿ, ನಾನು ಹಾಗೆ ಏನೂ ಕೂಡಿಟ್ಟಿಲ್ಲ. ಈಗ ಕಷ್ಟ ಬಂದಿದೆ. ತಡವಾಯಿತಾ?

ಇಲ್ಲ ಮಗಾ. ನಿನ್ನ ಹತ್ತಿರ ಇಲ್ಲದಿದ್ದರೆ ಬೇರೆಯವರ ಹತ್ತಿರ ಇರುತ್ತದೆ. ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತು ತಂದು, ಮಾಳಿಗೆ ತೆಗೆದು ಕೆಳಗೆ ಇಳಿಸಿದರಲ್ಲ, ಅಲ್ಲಿ ಮಾರ್ಕ ಏನು ಬರೆದಿದ್ದಾನೆ ನೋಡು. ಯೇಸು ಅವರ ನಂಬಿಕೆಯನ್ನು ನೋಡಿದನು ಎಂದಿದೆ. ಅವನದಲ್ಲ, ಅವರದು. ಸಭೆ, ಅಂದರೆ ಚರ್ಚಿನ ಜನ, ಇರುವುದೇ ಅದಕ್ಕೆ. ಬುಧವಾರ ಬಂದು ಹಿಂದೆ ಗೋಡೆಗೆ ಒರಗಿ ಕೂತುಬಿಡು, ಏನೂ ಹೇಳಬೇಡ.

"ನಿಮಗೆ ಒಳ್ಳೇ ಗತಿಯನ್ನು ಕೊಡುವ ಯೋಚನೆ ನನಗಿದೆ" ಎಂದು ಯೆರೆಮೀಯ 29:11ರಲ್ಲಿ ಇದೆಯಲ್ಲ. ನಮಗೆ ಯಾಕೆ ಆಗುತ್ತಿಲ್ಲ?

ಈ ವಚನ ನಮ್ಮ ಮನೆಯ ಕ್ಯಾಲೆಂಡರಿನ ಮೇಲೂ ಇದೆ, ಸೂರ್ಯೋದಯದ ಚಿತ್ರದ ಜೊತೆ. ಡಯಾಲಿಸಿಸ್ ದಿನಗಳಿಗೆ ಗುರುತು ಹಾಕುತ್ತಿದ್ದದ್ದು ಅದೇ ಕ್ಯಾಲೆಂಡರಿನ ಮೇಲೆ. ಒಂದು ದಿನ ರೇಗಿಹೋಗಿ ಆ ಅಧ್ಯಾಯವನ್ನು ಮೊದಲಿನಿಂದ ಓದಿದೆ.

ಅದು ಪ್ರವಾದಿ ಯೆರೆಮೀಯ ಬರೆದ ಒಂದು ಕಾಗದ. ಅರಸ ನೆಬೂಕದ್ನೆಚ್ಚರ ಜೆರುಸಲೇಮಿನಿಂದ ಜನರನ್ನು ಬಾಬೆಲಿಗೆ ಹಿಡಿದುಕೊಂಡು ಹೋಗಿದ್ದ. ಕ್ರಿಸ್ತಪೂರ್ವ 597ರ ಮಾತು. ಅಲ್ಲಿದ್ದವರಿಗೆ ಬೇಗ ಊರಿಗೆ ಹೋಗುತ್ತೇವೆ ಎಂಬ ಆಸೆ. ಹನನ್ಯ ಎಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂತ ಸಾರಿದ್ದ. ಜನಕ್ಕೆ ಅದು ಇಷ್ಟವಾಗಿರಬೇಕು, ಯಾರಿಗೆ ಇಷ್ಟವಾಗುವುದಿಲ್ಲ? ಯೆರೆಮೀಯನ ಕಾಗದದಲ್ಲಿ ಬೇರೆಯೇ ಮಾತು. ಮನೆ ಕಟ್ಟಿಕೊಳ್ಳಿ. ತೋಟ ಮಾಡಿ ಅದರ ಫಲ ತಿನ್ನಿರಿ. ಮಕ್ಕಳ ಮದುವೆ ಮಾಡಿ. ನಿಮ್ಮನ್ನು ಹಿಡಿದು ಒಯ್ದ ಆ ಊರಿನ ಒಳ್ಳೆಯದಕ್ಕಾಗಿ ಪ್ರಾರ್ಥಿಸಿ. ಆಮೇಲೆ 10ನೇ ವಚನ: 70 ವರ್ಷ ತುಂಬಿದ ಮೇಲೆ ನಿಮ್ಮನ್ನು ಕರೆತರುತ್ತೇನೆ. ಅದಾದ ಮೇಲೆ ನಮ್ಮ ಕ್ಯಾಲೆಂಡರಿನ ವಚನ.

70 ವರ್ಷ ಅಂದರೆ ಕಾಗದ ಕೇಳಿಸಿಕೊಂಡವರಲ್ಲಿ ಬಹಳ ಜನ ಬಾಬೆಲಿನಲ್ಲೇ ಮಣ್ಣಾಗುತ್ತಾರೆ. ಆ ವಾಗ್ದಾನ ಸುಳ್ಳಲ್ಲ. ಆದರೆ ಅದು ಬರುವ ತಿಂಗಳ ರಿಪೋರ್ಟ್ ನಾರ್ಮಲ್ ಬರುತ್ತದೆ ಅನ್ನುವ ಮಾತಲ್ಲ. ಊರಿಗೆ ಹೋಗುವ ದಿನದ ಬಗ್ಗೆ ಯೋಚನೆ ಬಿಟ್ಟು ಇಲ್ಲೇ ಬದನೆ ಗಿಡ ಹಾಕಿ ಅನ್ನುವ ಮಾತು. ಆ ವಾರ ನಾನು ಆಸ್ಪತ್ರೆಗೆ ಹೋಗುವ ದಿನಗಳಿಗೆ ಒಂದು ಒಳ್ಳೇ ಟಿಫಿನ್ ಡಬ್ಬಿ ತಂದೆ. ಅಲ್ಲಿಯ ತನಕ "ಇನ್ನೇನು ಮುಗಿಯುತ್ತದೆ" ಅಂತ ಬಿಸ್ಕತ್ತಿನಲ್ಲೇ ದಿನ ತಳ್ಳುತ್ತಿದ್ದೆವು. ಪಕ್ಕದ ಹಾಸಿಗೆಯವರ ಬೀಬಿ ಮತ್ತು ನಾನು ಪಲ್ಯ ಹಂಚಿಕೊಳ್ಳಲು ಶುರು ಮಾಡಿದ್ದು ಆಮೇಲೆಯೇ.

ಎಷ್ಟೋ ಉಪವಾಸ ಪ್ರಾರ್ಥನೆ ಮಾಡಿದೆವು. ಆದರೂ ಅವರು ಉಳಿಯಲಿಲ್ಲ. ನಮ್ಮ ನಂಬಿಕೆ ಕಡಿಮೆಯಾಯಿತಾ?

ಪೌಲನ ನಂಬಿಕೆ ಕಡಿಮೆಯಿತ್ತಾ? ದೇಹದಲ್ಲಿ ನಾಟಿದ ಆ ಮುಳ್ಳನ್ನು ತೆಗೆ ಅಂತ ಮೂರು ಸಲ ಬೇಡಿಕೊಂಡ. ತೆಗೆಯಲಿಲ್ಲ. "ನನ್ನ ಕೃಪೆಯೇ ನಿನಗೆ ಸಾಕು" ಎಂಬ ಉತ್ತರ ಬಂತು. ಗೆತ್ಸೇಮನೆ ತೋಟದಲ್ಲಿ ಯೇಸುವೇ ಈ ಸಂಕಟದ ಪಾತ್ರೆಯನ್ನು ತೊಲಗಿಸು ಎಂದು ಕೇಳಿಕೊಂಡನು. ಅದೂ ತೊಲಗಲಿಲ್ಲ.

ಯಾಕೆ ಅಂತ ನನ್ನನ್ನು ಕೇಳಬೇಡಿ. ನಮ್ಮವರ ವಿಷಯದಲ್ಲೂ ನನಗೆ ಉತ್ತರ ಸಿಕ್ಕಿಲ್ಲ.

ಮಾತ್ರೆ ಬಿಟ್ಟು ನಂಬಿಕೆಯಿಂದಿರಿ, ಇಷ್ಟು ಕಾಣಿಕೆ ಹಾಕಿ ಎಂದು ಒಬ್ಬ ಪ್ರಸಂಗಿ ಹೇಳುತ್ತಾರೆ. ಕೇಳಬೇಕಾ?

ಬೇಡ. ಮಾತ್ರೆ ಬಿಡಬೇಡಿ. ದುಡ್ಡೂ ಕೊಡಬೇಡಿ. ಸುವಾರ್ತೆ ಬರೆದ ಲೂಕನೇ ವೈದ್ಯನಾಗಿದ್ದ.

ಎಲ್ಲ ಮಾಡುತ್ತೇನೆ, ಆದರೆ ಒಳಗೆ ಏನೂ ಅನ್ನಿಸುವುದಿಲ್ಲ. ದೇವರು ಇದ್ದಾನೋ ಇಲ್ಲವೋ ಅನ್ನುವ ಹಾಗೆ. ನನ್ನ ನಂಬಿಕೆ ಸತ್ತಿದೆಯಾ?

ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. 2007ರಲ್ಲಿ ಅವರ ಖಾಸಗಿ ಕಾಗದಗಳು ಅಚ್ಚಾದವು. ಜಗತ್ತು ಬೆರಗಾಯಿತು. ಕೋಲ್ಕತ್ತೆಯಲ್ಲಿ ಸಾಯುವವರ ಸೇವೆ ಶುರು ಮಾಡಿದ ಕಾಲದಿಂದ ಹೆಚ್ಚುಕಡಿಮೆ ಐವತ್ತು ವರ್ಷ ಅವರಿಗೆ ದೇವರ ಸಾನ್ನಿಧ್ಯವೇ ಅನುಭವಕ್ಕೆ ಬರುತ್ತಿರಲಿಲ್ಲ. ನಡುವೆ ಕೆಲವು ದಿನ ಬಿಟ್ಟರೆ ಉದ್ದಕ್ಕೂ ಕತ್ತಲೆ. ಆದರೂ ಬೆಳಗಿನ ಜಾವ ಎದ್ದು ಪೂಜೆಗೆ ಹೋದರು, ಹುಳ ಬಿದ್ದ ಗಾಯ ತೊಳೆದರು, ನಕ್ಕರು. 2016ರಲ್ಲಿ ಅವರನ್ನು ಸಂತರೆಂದು ಘೋಷಿಸಿದಾಗ ಈ ಕಾಗದಗಳ ವಿಷಯ ಎಲ್ಲರಿಗೂ ಗೊತ್ತಿತ್ತು.

ಅನ್ನಿಸುವುದು ಹವಾಮಾನದ ಹಾಗೆ, ಬರುತ್ತದೆ ಹೋಗುತ್ತದೆ. ನೀವು ಇನ್ನೂ ಈ ಪ್ರಶ್ನೆ ಕೇಳಲು ಬಂದಿದ್ದೀರಲ್ಲ.

ಬೆಳಗ್ಗೆ ಏಳಲೂ ಮನಸ್ಸಿಲ್ಲ, ಸತ್ತರೆ ಸಾಕು ಅನ್ನಿಸುತ್ತದೆ. ಇದು ನಂಬಿಕೆಯ ಕೊರತೆಯಾ?

ಇಲ್ಲ, ಮತ್ತು ದಯವಿಟ್ಟು ಇದನ್ನು ಒಬ್ಬರೇ ಇಟ್ಟುಕೊಳ್ಳಬೇಡಿ. ಪ್ರವಾದಿ ಎಲೀಯನೂ ಒಂದು ಗಿಡದ ಕೆಳಗೆ ಕೂತು "ಸಾಕು, ನನ್ನ ಪ್ರಾಣ ತೆಗೆದುಬಿಡು" ಅಂದ. ದೇವರು ಅವನಿಗೆ ಉಪದೇಶ ಮಾಡಲಿಲ್ಲ. ನಿದ್ದೆ ಮಾಡಲು ಬಿಟ್ಟನು. ದೂತನು ತಟ್ಟಿ ಎಬ್ಬಿಸಿ ಬಿಸಿ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ಊಟ. ಮಾತುಕತೆ ಆಮೇಲೆ, ಬೆಟ್ಟ ತಲುಪಿದ ಮೇಲೆ.

ಈಗಲೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಡಾಕ್ಟರ್ ಹತ್ತಿರ ಹೋಗಲು ಜೊತೆ ಬೇಕಾದರೆ ನಮ್ಮ ಕೂಟದಲ್ಲಿ ಯಾರನ್ನಾದರೂ ಕರೆಯಿರಿ, ಬರುತ್ತೇವೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ದೊಡ್ಡ ಸರ್ಕಾರಿ ಆಸ್ಪತ್ರೆಯೇ ಇದೆ. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆಯೇನೂ ಇಲ್ಲ.

ಒಂದು ಪೆಟ್ಟಾದರೆ ತಡೆದುಕೊಳ್ಳಬಹುದು. ಒಂದರ ಮೇಲೊಂದು ಬಿದ್ದರೆ?

ಪಂಡಿತಾ ರಮಾಬಾಯಿ ನೆನಪಾಗುತ್ತಾರೆ. ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದವರು. ಅಪ್ಪ ಅನಂತ ಶಾಸ್ತ್ರಿ ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿ ಊರವರ ಕೋಪ ಕಟ್ಟಿಕೊಂಡಿದ್ದರು. 1870ರ ದಶಕದ ಬರದಲ್ಲಿ ಅಪ್ಪ, ಅವ್ವ, ಅಕ್ಕ ಎಲ್ಲರೂ ಹೋದರು. ಅಣ್ಣನೊಬ್ಬ ಉಳಿದಿದ್ದ, 1880ರಲ್ಲಿ ಅವನೂ ಹೋದ. ಮದುವೆಯಾದ ಎರಡೇ ವರ್ಷಕ್ಕೆ ಗಂಡ ಕಾಲರಾದಲ್ಲಿ ತೀರಿಕೊಂಡ. ಕೈಯಲ್ಲಿ ಕೂಸು ಮನೋರಮಾ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡರು. ಹಾಗಂತ ಅಲ್ಲಿಯ ಸಭೆಯವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿದವರಲ್ಲ. ನನ್ನ ಮನಸ್ಸಾಕ್ಷಿ ನನ್ನದು ಎಂದು ಅವರ ಜೊತೆ ಕಾಗದದಲ್ಲೇ ಜಗಳವಾಡಿದರು.

ಆಮೇಲೆ ಬರಗಾಲ ಬಂದಾಗ ಹಸಿದ ಹೆಣ್ಣುಮಕ್ಕಳನ್ನು ಹುಡುಕಿಕೊಂಡು ಹೋಗಿ ಪುಣೆಯ ಹತ್ತಿರದ ಕೇಡಗಾಂವಿಗೆ ಕರೆತಂದರು, ನೂರಾರು ಮಂದಿಯನ್ನು. ಬರ ಅಂದರೆ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೀಬ್ರೂ, ಗ್ರೀಕ್ ಕಲಿತು ಸತ್ಯವೇದವನ್ನು ಮರಾಠಿಗೆ ತಂದರು. ಆ ಕೆಲಸ ನಡೆಯುತ್ತಿದ್ದಾಗಲೇ, 1921ರಲ್ಲಿ, ಇದ್ದ ಒಬ್ಬಳೇ ಮಗಳೂ ತೀರಿಕೊಂಡಳು. ರಮಾಬಾಯಿ ಅನುವಾದ ಮುಗಿಸಿ 1922ರ ಏಪ್ರಿಲ್‌ನಲ್ಲಿ ಹೋದರು.

ಅವರ ಹಾಗೆ ನಾವೂ ಆಗಬೇಕು ಅಂತ ಇದನ್ನು ಹೇಳುತ್ತಿಲ್ಲ. ನನ್ನಿಂದಂತೂ ಆಗುವುದಿಲ್ಲ. ಮಗಳು ಹೋದ ಮಾರನೇ ದಿನ ಆ ಮೇಜಿನ ಮುಂದೆ ಹೇಗೆ ಕೂತರೋ ಎಂದು ಯೋಚಿಸುತ್ತೇನೆ, ಅಷ್ಟೇ.

ಸಭೆಯವರೇ ಕೈಬಿಟ್ಟರೆ? ನಮ್ಮಲ್ಲಿ ಜಗಳ, ಕೋರ್ಟು. ಕಷ್ಟಕ್ಕೆ ಯಾರೂ ಬರಲಿಲ್ಲ.

ನಿಮಗೆ ನೋವಾಗಿದೆ, ಅದು ನಿಜ. ಕೆಲವು ಸಲ ಬೇರೆ ಸಭೆಗೆ ಹೋಗುವುದೇ ಸರಿ.

ಒಂದು ಹಳೇ ಮಾತು ಹೇಳುತ್ತೇನೆ. ನಮ್ಮ ಕಡೆಯ, ಕರಾವಳಿಯ ಹಳೇ ಪ್ರೊಟೆಸ್ಟಂಟ್ ಸಭೆಗಳು ಹೆಚ್ಚಾಗಿ ಬಾಸೆಲ್ ಮಿಶನ್ನಿನವು, ಸ್ವಿಟ್ಜರ್ಲೆಂಡಿನ ಒಂದು ಮಿಶನರಿ ಸಂಸ್ಥೆ ಅದು. ಕ್ರೈಸ್ತರಾದವರಿಗೆ ಮನೆ, ಕುಲಕಸುಬು ಎರಡೂ ತಪ್ಪುತ್ತಿದ್ದವು. ಅದಕ್ಕೇ ಮಿಶನ್ನಿನವರು ಮಗ್ಗ ಹಾಕಿದರು, 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ದೇವಾಲಯ, ಶಾಲೆ, ಸಂಬಳ ಎಲ್ಲ ಒಂದೇ ಕಡೆಯಿಂದ. 1914ರಲ್ಲಿ ಯುದ್ಧ ಬಂತು. ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರ್ಕಾರ ಹಿಡಿದಿಟ್ಟಿತು, ಆಮೇಲೆ ದೇಶದಿಂದಲೇ ಕಳಿಸಿಬಿಟ್ಟಿತು. ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು. ಆದರೆ ಭಾನುವಾರ ಬರುವುದೇನೂ ನಿಲ್ಲಲಿಲ್ಲ ಅಲ್ವಾ? ಆರಾಧನೆ ನಡೆಸಿದವರು ಇಲ್ಲಿಯವರೇ, ನಮ್ಮ ಪಾಸ್ಟರುಗಳು, ಉಪದೇಶಿಗಳು. ದೊರೆಗಳು ಹೋದ ಮೇಲೆಯೂ ಸಭೆ ಇತ್ತು.

ನಿಮ್ಮ ಸಭೆಯ ಕಮಿಟಿಯೇ ಸಭೆಯಲ್ಲ. ಅಲ್ಲಿ ಹಿಂದಿನ ಬೆಂಚಿನಲ್ಲಿ ನಿಮ್ಮ ಹಾಗೇ ನೊಂದ ಒಬ್ಬರಾದರೂ ಇರುತ್ತಾರೆ. ಅವರನ್ನು ಹುಡುಕಿ.

ಗಲ್ಫ್‌ನಲ್ಲಿದ್ದೇನೆ, ಶಿಫ್ಟ್ ಕೆಲಸ. ಆರಾಧನೆಗೆ ಹೋಗಲು ಆಗುವುದೇ ಇಲ್ಲ.

ಜಪಾನಿನಲ್ಲಿ 1614ರಲ್ಲಿ ಕ್ರೈಸ್ತ ಧರ್ಮವನ್ನು ದೇಶವಿಡೀ ನಿಷೇಧಿಸಿದರು. ಪಾದ್ರಿಗಳನ್ನು ಓಡಿಸಿದರು, ಕೊಂದರು. ಜನ ಯೇಸುವಿನ ಚಿತ್ರವನ್ನು ತುಳಿದು ತೋರಿಸಬೇಕಿತ್ತು. ಎಲ್ಲ ಮುಗಿಯಿತು ಅಂದುಕೊಂಡಿದ್ದರು. 1865ರ ಮಾರ್ಚ್ 17ರಂದು ನಾಗಸಾಕಿಯಲ್ಲಿ ವಿದೇಶಿಯರಿಗಾಗಿ ಕಟ್ಟಿದ್ದ ಹೊಸ ಚರ್ಚಿಗೆ ಹಳ್ಳಿಯ ಕೆಲವರು ಬಂದರು. ಒಬ್ಬ ಹೆಂಗಸು ಫ್ರೆಂಚ್ ಪಾದ್ರಿಯ ಹತ್ತಿರ ಹೋಗಿ, ನಮ್ಮ ಹೃದಯವೂ ನಿಮ್ಮದೂ ಒಂದೇ ಎಂದಳು. ಸಾಂತಾ ಮರಿಯಾಳ ಪ್ರತಿಮೆ ಎಲ್ಲಿದೆ ಎಂದು ಕೇಳಿದಳು.

ಅಷ್ಟು ತಲೆಮಾರು ಪಾದ್ರಿಯೇ ಇರಲಿಲ್ಲ. ಹೇಗೆ ಉಳಿಯಿತು? ಊರಿನಲ್ಲಿ ಕೆಲಸ ಹಂಚಿಕೊಂಡಿದ್ದರು. ಹಬ್ಬದ ದಿನಗಳ ಲೆಕ್ಕ ಇಡಲು ಒಬ್ಬ. ಕೂಸುಗಳಿಗೆ ದೀಕ್ಷಾಸ್ನಾನದ ನೀರು ಹಾಕಲು ಒಬ್ಬ. ಮನೆ ಮನೆಗೆ ಸುದ್ದಿ ಮುಟ್ಟಿಸಲು ಒಬ್ಬ. ಲ್ಯಾಟಿನ್, ಪೋರ್ಚುಗೀಸ್ ಪ್ರಾರ್ಥನೆಗಳನ್ನು ಅರ್ಥ ಗೊತ್ತಿಲ್ಲದೆಯೂ ಬಾಯಿಂದ ಬಾಯಿಗೆ ಕೊಟ್ಟರು. ಗುರುತಾದ ಮೇಲೆ ಮತ್ತೆ ಕಷ್ಟವೇ ಬಂತು. ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಗಡಿಪಾರು ಮಾಡಿದರು. ನಿಷೇಧ ಕೊನೆಗೊಂಡದ್ದು 1873ರಲ್ಲಿ.

ನಿಮ್ಮ ರೂಮಿನಲ್ಲಿ ಇನ್ನೊಬ್ಬ ಕ್ರೈಸ್ತನಿದ್ದರೆ ಇಬ್ಬರಾದಿರಿ. ವಾರದಲ್ಲಿ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಮೊಬೈಲಿನಲ್ಲಿ ಆರಾಧನೆ ನೋಡುವುದಕ್ಕಿಂತ ಇಬ್ಬರು ಕೂತು ಒಂದು ಕೀರ್ತನೆ ಓದುವುದು ಮೇಲು ಅಂತ ನನ್ನ ಅಭಿಪ್ರಾಯ.

ಕಷ್ಟದಲ್ಲಿರುವವರ ಮನೆಗೆ ಹೋದರೆ ಏನು ಹೇಳಬೇಕು?

ಕಡಿಮೆ ಹೇಳಿ. ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತರು. ಅಲ್ಲಿಯ ತನಕ ಸರಿಯಾಗಿಯೇ ಇದ್ದರು. ಬಾಯಿ ತೆರೆದ ಮೇಲೆ ಕೆಟ್ಟಿತು. ಕೊನೆಗೆ ದೇವರು ಸಿಟ್ಟಾದದ್ದು ಕೂಗಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಾದ ಮಾಡಿದ ಈ ಗೆಳೆಯರ ಮೇಲೆ.

"ಎಲ್ಲಾ ಒಳ್ಳೇದಕ್ಕೇ" ಅನ್ನಬೇಡಿ. "ನಿಮಗಿಂತ ಕಷ್ಟದಲ್ಲಿರುವವರು ಇದ್ದಾರೆ" ಅನ್ನಬೇಡಿ. ಏನು ಬೇಕು ಹೇಳಿ ಅನ್ನುವುದೂ ಬೇಡ, ಯಾರೂ ಹೇಳುವುದಿಲ್ಲ. ನಮ್ಮ ಸ್ತ್ರೀಯರ ಕೂಟದ ಒಬ್ಬರು ಶುಕ್ರವಾರ ಬಂದು ಗ್ಯಾಸ್ ಸಿಲಿಂಡರ್ ಬುಕ್ ಮಾಡಿ, ಹಾಲಿನವನ ಲೆಕ್ಕ ಚುಕ್ತಾ ಮಾಡಿ ಹೋಗುತ್ತಿದ್ದರು. ಮೂರು ವರ್ಷ. ಪ್ರಾರ್ಥನೆ ಮಾಡಲಾ ಅಂತ ಕೇಳಿದ್ದು ಎರಡೋ ಮೂರೋ ಸಲ.

ಬುಧವಾರದ ಕೂಟಕ್ಕೆ ಬೇರೆ ಸಭೆಯವರು, ಬೇರೆ ಧರ್ಮದವರು ಬರಬಹುದಾ?

ಬರಬಹುದು. ಆರೂವರೆಗೆ ಶುರು, ಎಂಟಕ್ಕೆ ಮುಗಿಯುತ್ತದೆ. ಹಾಡಲು ಬರದಿದ್ದರೆ ತೊಂದರೆ ಇಲ್ಲ, ನನಗೂ ಬರುವುದಿಲ್ಲ. ಅಳು ಬಂದರೆ ಅಳಬಹುದು, ಯಾರೂ ತಿರುಗಿ ನೋಡುವುದಿಲ್ಲ. ಪಲ್ಯ ಹಂಚಿಕೊಂಡ ಆ ಬೀಬಿ ಈಗಲೂ ಒಮ್ಮೊಮ್ಮೆ ಬರುತ್ತಾರೆ, ಪ್ರಾರ್ಥನೆ ಮುಗಿಯುವ ಹೊತ್ತಿಗೆ ಸರಿಯಾಗಿ, ಚಹಾಕ್ಕೆ. ಕುರ್ಚಿ ಎಂಟೇ ಇವೆ. ಮಂಡಿ ನೋವಿದ್ದವರು ಸ್ವಲ್ಪ ಬೇಗ ಬನ್ನಿ.